ಮನಿ ಹುಲ್ಲು

ಫಕ್ಕೀರೇಶ ಮೊದಲ ಸಲ ನಮ್ಮ ಅಂಗಡಿಗೆ ಬಂದಾಗ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು ಬಸ್ಸಿನಲ್ಲಿ ಬಂದಿದ್ದ. ಅವನ ಊರು ಹಾನಗಲ್ಲಿನಿಂದ ಎಂಟು ಕಿಲೋಮೀಟರ್. ಅಷ್ಟು ದೂರಕ್ಕೂ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದನೆಂದು ಅವನಿಗೆ ಸಿಟ್ಟು. ಕೋಳಿಗೂ ಹರಿಯುತ್ತಾರೆ, ಇದಕ್ಕೆ ಹರಿಯದೆ ಬಿಡುತ್ತಾರೆಯೇ ಎಂದೆ. ಕೋಳಿಗೆ ಹೋಲಿಸಿದ್ದು ಅವನಿಗೆ ಹಿಡಿಸಲಿಲ್ಲ. ಮೊದಲು ಅವನ ಬಳಿ ಬೈಕ್ ಇತ್ತು. ಹುಬ್ಬಳ್ಳಿಯ ಒಬ್ಬನಿಗೆ ಆ ಬೈಕ್ ಕೊಟ್ಟು ಬದಲಿಗೆ ಪರದೆಯ ಮೇಲೆ ಆಟದ ಚಿತ್ರ ಮೂಡಿಸುವ ಅವನ ಗ್ರಾಫಿಕ್ಸ್ ಕಾರ್ಡ್ ತಂದಿದ್ದ. ಈಗ ಕಾರ್ಡ್ ಕೆಟ್ಟರೆ ರಿಪೇರಿಗೆ ಒಯ್ಯಲು ಬೈಕಿಲ್ಲ.

ನನ್ನ ಹೆಸರು ವಿದ್ಯಾ. ಹಾನಗಲ್ ಬಸ್ ನಿಲ್ದಾಣದ ಎದುರಿಗೆ ನಮ್ಮ ಮಾವನ ಝೆರಾಕ್ಸ್ ಅಂಗಡಿ ಇದೆ. ಅದರ ಹಿಂದಿನ ಅರ್ಧ ನನ್ನದು. ಡಿಪ್ಲೊಮಾ ಮುಗಿಸಿ ಬಂದು ನಾಲ್ಕು ವರ್ಷದಿಂದ ಅಲ್ಲಿ ಕೂತು ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಬರುವುದೆಲ್ಲ ಹೆಚ್ಚಾಗಿ ದಲ್ಲಾಳಿಗಳ ಅಡತಿ ಅಂಗಡಿಗಳಲ್ಲಿ ಬಿಲ್ಲು ಹೊಡೆದು ಹೊಡೆದು ಮುದಿಯಾದ ಮಷೀನುಗಳು. ಬಿಚ್ಚಿದರೆ ಒಳಗೆ ಹಲ್ಲಿಯ ಮೊಟ್ಟೆ, ಅಡಿಕೆ ಚೂರು, ಒಮ್ಮೆ ಒಂದು ಸತ್ತ ಚೇಳು. ಆಟಕ್ಕೆಂದೇ ಕಟ್ಟಿದ ಕಂಪ್ಯೂಟರ್ ನಾನು ಮುಟ್ಟಿದ್ದು ಅದೇ ಮೊದಲು. ಆ ಮಾತನ್ನು ನಾನು ಅವನಿಗೆ ಹೇಳಲಿಲ್ಲ.

ಕ್ಯಾಬಿನೆಟ್ಟಿನ ಒಂದು ಬದಿ ಪೂರ್ತಿ ಗಾಜು. ಒಳಗೆ ಗಣಪತಿ ಮಂಟಪದ ಹಾಗೆ ಬಣ್ಣಬಣ್ಣದ ದೀಪ. ಎದುರಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ದೀಪಾವಳಿ ಪೂಜೆಗೆ ಕಟ್ಟಿದ ನಿಂಬೆಹಣ್ಣು ಒಣಗಿ ಗೋಟಾಗಿ ಫ್ಯಾನಿನ ಜಾಳಿಗೆಗೆ ಕರಿದಾರದಲ್ಲಿ ನೇತಾಡುತ್ತಿತ್ತು. ಮೇಲೆ ರೇಡಿಯಂ ಸ್ಟಿಕ್ಕರಿನಲ್ಲಿ ‘ಸಿಡಿಲು ೨’ ಎಂದು ಬರೆಸಿದ್ದ. ಹಾಗಾದರೆ ಮೊದಲನೆಯ ಸಿಡಿಲು ಯಾರು ಎಂದು ಕೇಳಿದೆ. ಅವರ ಮನೆಯ ಹೋರಿ.

ನಮ್ಮ ಕಡೆ ದೀಪಾವಳಿಯಿಂದ ಹೋರಿ ಹಬ್ಬ ಶುರುವಾಗುತ್ತದೆ. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಕೋಡಿಗೆ ಬಲೂನು ಕಟ್ಟಿ, ಜನರ ನಡುವೆ ಬಿಟ್ಟು ಓಡಿಸುತ್ತಾರೆ. ಜನ ಮೈಮೇಲೆ ಬಿದ್ದು ಕೊಬ್ಬರಿ ಕೀಳಲು ನೋಡುತ್ತಾರೆ. ಯಾರ ಕೈಗೂ ಸಿಗದೆ ಓಡಿದ್ದು ಒಳ್ಳೆಯ ಹೋರಿ. ಹಾನಗಲ್, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಯಾವ ಊರಿಗೆ ಎಷ್ಟು ಬಸ್ ಇವೆ ಎಂದು ಗೊತ್ತಿಲ್ಲದವರಿಗೂ ಯಾವ ಊರಲ್ಲಿ ಯಾವ ಹೋರಿ ಇದೆ ಎಂದು ಗೊತ್ತಿರುತ್ತದೆ. ಫಕ್ಕೀರೇಶನ ಅಪ್ಪ ಗುದ್ಲೆಪ್ಪನ ಸಿಡಿಲು ಅಂಥ ಹೋರಿ.

ಮಗನ ಸಿಡಿಲಿನ ರೋಗ ಹೀಗಿತ್ತು. ಅವನು ಐದು ಜನರ ಒಂದು ತಂಡದಲ್ಲಿ ಬಂದೂಕಿನ ಆಟ ಆಡುತ್ತಿದ್ದ. ಆಟದ ನಡುವೆ, ಹತ್ತು ನಿಮಿಷಕ್ಕೋ ಅರ್ಧ ತಾಸಿಗೋ, ಪರದೆ ನಿಂತಲ್ಲೇ ನಿಲ್ಲುತ್ತಿತ್ತು. ಗುಂಡಿನ ಸದ್ದು ಒಂದೇ ಕಡೆ ಸಿಕ್ಕಿಕೊಂಡು ಹಿಟ್ಟಿನ ಗಿರಣಿಯ ಹಾಗೆ ಕೊರೆಯುತ್ತಿತ್ತು. ಆಮೇಲೆ ಆಟ ಮಾಯವಾಗಿ ಅವರ ಹೋರಿಯ ಫೋಟೋ ಇರುವ ಡೆಸ್ಕ್‌ಟಾಪ್ ಬರುತ್ತಿತ್ತು. ಮತ್ತೆ ಒಳಗೆ ಹೋಗುವಷ್ಟರಲ್ಲಿ ತಂಡ ಎರಡು ಸುತ್ತು ಸೋತಿರುತ್ತಿತ್ತು.

ತಂಡದ ನಾಯಕಿ ಸವಣೂರಿನ ಶಬನಮ. ಅವಳ ಅಪ್ಪನದು ಕರಿದ ತಿಂಡಿ ಮಾರುವ ಖಾರದ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಂದು ಕೈಗೆ ಎಣ್ಣೆ ಅಂಟಿಸಿಕೊಂಡೇ, ಹತ್ತು ವರ್ಷ ಹಳೆಯ ಕಂಪ್ಯೂಟರಿನಲ್ಲಿ ಆಡುತ್ತಾಳೆ. ಆ ಮಷೀನಿಗೆ ತಾಕತ್ತಿಲ್ಲವೆಂದು ಆಟದ ಚೆಂದವನ್ನೆಲ್ಲ ಕಳಚಿ ಹಾಕಿದ್ದಾಳೆ. ಅವಳ ಪರದೆಯಲ್ಲಿ ಗಿಡಕ್ಕೆ ಎಲೆಯಿಲ್ಲ, ಗೋಡೆಗೆ ಬಣ್ಣವಿಲ್ಲ, ನೆರಳೇ ಇಲ್ಲ. ವೈರಿ ಮಾತ್ರ ಕಾಣುತ್ತಾನೆ, ಹೊಡೆಯುತ್ತಾಳೆ. ಉಳಿದ ಮೂವರು ಶಿಗ್ಗಾಂವಿಯವರು. ಭಾನುವಾರ ರಾಣೆಬೆನ್ನೂರಿನ ತಂಡದ ಮೇಲೆ ಪಂದ್ಯ. ಗೆದ್ದವರು ಹುಬ್ಬಳ್ಳಿಯ ದೊಡ್ಡ ಸುತ್ತಿಗೆ ಹೋಗುತ್ತಾರೆ. ಅಷ್ಟರಲ್ಲಿ ಕಾರ್ಡ್ ಸರಿಯಾಗದಿದ್ದರೆ ಫಕ್ಕೀರೇಶನ ಜಾಗಕ್ಕೆ ತಡಸ ಊರಿನ ಇನ್ನೊಬ್ಬನನ್ನು ತಗೊಳ್ಳುತ್ತೇನೆ ಎಂದು ಶಬನಮ ಹೇಳಿಬಿಟ್ಟಿದ್ದಳು. ಇದನ್ನು ಹೇಳುವಾಗ ಫಕ್ಕೀರೇಶ ಕ್ಯಾಬಿನೆಟ್ಟಿನ ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಇಪ್ಪತ್ನಾಲ್ಕು ವರ್ಷದ ಗಂಡಸು. ಅವನಿಗೆ ತಂಡ ಬಿಟ್ಟರೆ ಹೇಳಿಕೊಳ್ಳಲು ಬೇರೆ ಏನೂ ಇರಲಿಲ್ಲ. ಬೈಕೂ ಇರಲಿಲ್ಲ.

ಕಂಪನಿ ಪ್ರತಿ ಕಾರ್ಡಿಗೂ ಒಂದು ವೇಗ ಗೊತ್ತುಮಾಡಿ ಕಳಿಸಿರುತ್ತದೆ. ಸಣ್ಣದೊಂದು ಸಾಫ್ಟ್‌ವೇರ್ ಹಾಕಿಕೊಂಡು ಅದರಲ್ಲಿನ ಗುಂಡಿಯನ್ನು ಬಲಕ್ಕೆ ಎಳೆದರೆ ಅದಕ್ಕಿಂತ ಜೋರಾಗಿ ಓಡಿಸಬಹುದು. ಇದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಸ್ವಲ್ಪ ಎಳೆದರೆ ಲಾಭ. ಅತಿಯಾದರೆ ಕಾರ್ಡ್ ಲೆಕ್ಕ ತಪ್ಪುತ್ತದೆ, ಆಟ ಬೀಳುತ್ತದೆ. ಆಟ ಬೀಳುತ್ತಿದೆ ಎಂದು ಬಂದವನಿಗೆ ಯಾರಾದರೂ ಕೇಳುವ ಮೊದಲ ಪ್ರಶ್ನೆ ಇದೇ. ನಾನೂ ಕೇಳಿದೆ.

“ಇಲ್ರಿ ಅಕ್ಕಾರ,” ಎಂದ. “ಕಂಪನಿಯಿಂದ ಹೆಂಗ ಬಂದೈತಿ ಹಂಗ ಐತಿ. ನಾ ಏನೂ ಮುಟ್ಟಿಲ್ಲ.”

ರಿಪೇರಿ ಚೀಟಿಯಲ್ಲಿ ‘ಗ್ರಾಹಕರ ಹೇಳಿಕೆ’ ಎಂಬ ಜಾಗವಿದೆ. ಅಲ್ಲಿ ‘ಏನೂ ಮುಟ್ಟಿಲ್ಲ’ ಎಂದು ಬರೆದುಕೊಂಡೆ. ಈ ಮಾತನ್ನು ನಾಲ್ಕು ವರ್ಷದಲ್ಲಿ ಎಷ್ಟು ಸಲ ಬರೆದಿದ್ದೇನೋ. ಕೀಬೋರ್ಡಿನ ಮೇಲೆ ಚಹಾ ಚೆಲ್ಲಿದವರೂ ಇದನ್ನೇ ಹೇಳುತ್ತಾರೆ, ಚಹಾ ಇನ್ನೂ ತೊಟ್ಟಿಕ್ಕುತ್ತಿರುತ್ತದೆ. ಆದರೂ ನಂಬಿದೆ. ತೆರೆದು ನೋಡಿದಾಗ ಕಾರ್ಡಿನ ವೇಗ ನಿಜವಾಗಿಯೂ ಕಂಪನಿಯದೇ ಇತ್ತು.

ಕಂಪ್ಯೂಟರು ತನ್ನೊಳಗೆ ಬರೆದಿಟ್ಟುಕೊಂಡ ದಿನಚರಿಯನ್ನು ನೋಡಿದೆ. ಪರದೆಯ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಉತ್ತರ ಕೊಡುವುದನ್ನು ನಿಲ್ಲಿಸಿತು ಎಂದು ಹದಿನಾರು ಕಡೆ ಬರೆದಿತ್ತು. ಯಾಕೆ ಸತ್ತ ಎಂದರೆ ಉಸಿರು ನಿಂತಿತ್ತು ಎಂದು ಬರೆದುಕೊಡುವ ಡಾಕ್ಟರ ಥರ. ಹಳೆಯ ಡ್ರೈವರನ್ನು ಬೇರುಸಹಿತ ಕಿತ್ತು ಹೊಸದು ಹಾಕಿದೆ. ಕಾರ್ಡ್ ಬಿಚ್ಚಿ, ಬಿಸಿ ಎಳೆಯಲು ಬಳಿದಿದ್ದು ಈಗ ಕಲ್ಲಾಗಿದ್ದ ಪೇಸ್ಟ್ ಕೆರೆದು ಹೊಸ ಪೇಸ್ಟ್ ಬಳಿದೆ. ಫ್ಯಾನಿನ ರೆಕ್ಕೆಗಳಿಗೆ ಲೋಬಾನದ ಮಸಿ ಮತ್ತು ಹೊಟ್ಟು ಅಂಟಿಕೊಂಡಿತ್ತು, ಒರೆಸಿದೆ. ನಿಂಬೆಹಣ್ಣು ಬಿಚ್ಚಲು ಹೋದಾಗ ಮಾತ್ರ ಅವನು ನನ್ನ ಕೈ ಹಿಡಿದ. ಅದು ಗಾಳಿಗೆ ಅಡ್ಡವಾಗಿದೆ ಎಂದೆ. ಅಪ್ಪ ಕಟ್ಟಿದ್ದು ಎಂದ. ಜಾಳಿಗೆಯಿಂದ ಬಿಚ್ಚಿ ಹಿಂಬದಿಯ ಸ್ಕ್ರೂವಿಗೆ ಕಟ್ಟಿಕೊಟ್ಟೆ. ದೃಷ್ಟಿ ಹಿಂದಿನಿಂದ ಬಂದರೂ ತಡೆಯಬೇಕಲ್ಲ.

ಎರಡು ತಾಸು ಕಾರ್ಡಿಗೆ ಉಸಿರು ಬಿಡಲು ಕೊಡದಂಥ ಪರೀಕ್ಷೆ ಓಡಿಸಿದೆ. ಒಂದು ಸಲವೂ ಬೀಳಲಿಲ್ಲ. ಹೊತ್ತುಕೊಂಡು ಹೋದ. ಅದೇ ದಿನ ಸಂಜೆ ಏಳು ಗಂಟೆಯ ಪ್ರಾಕ್ಟೀಸಿನಲ್ಲಿ ಬಿತ್ತು.

ಮರುದಿನ ಮತ್ತೆ ಬಂದ, ಮತ್ತೆ ಲಗೇಜ್ ಟಿಕೆಟ್. ಈ ಸಲ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದೆ. ರ‍್ಯಾಮ್ ಒಂದೊಂದೇ ತೆಗೆದು ನೋಡಿದೆ. ನನ್ನದೇ ಒಳ್ಳೆಯ ಪವರ್ ಸಪ್ಲೈ ಹಾಕಿ ಓಡಿಸಿದೆ. ಅಂಗಡಿಯಲ್ಲಿ ಅವನೇ ಕೂತು ಒಂದು ತಾಸು ಆಟವನ್ನೂ ಆಡಿದ. ಹೆಸರಿಗೂ ತಕರಾರಿಲ್ಲ. ಮನೆಗೆ ಒಯ್ದ, ಬಿತ್ತು. ಶಬನಮ ನನಗೇ ಫೋನ್ ಮಾಡಿ, ನಿಮ್ಮ ಕೈಲಿ ಆಗುತ್ತದೋ ಇಲ್ಲವೋ ಒಂದು ಮಾತು ಹೇಳಿಬಿಡಿ ಎಂದು ಕೇಳಿದಳು. ಹಿಂದೆ ಎಣ್ಣೆಯಲ್ಲಿ ಏನೋ ಚುರ್ರೆನ್ನುವ ಸದ್ದು ಬರುತ್ತಿತ್ತು. ಆಗುತ್ತದೆ ಎಂದೆ. ಕೋಪಕ್ಕೆ ಹೇಳಿದ್ದು, ನಂಬಿಕೆಯಿಂದಲ್ಲ.

ಅಂಗಡಿಯಲ್ಲಿ ನೆಟ್ಟಗಿದ್ದು ಮನೆಯಲ್ಲಿ ಬೀಳುತ್ತದೆ ಎಂದರೆ ತಪ್ಪು ಮನೆಯದು. ಹಾಗೆಂದುಕೊಂಡು ಗುರುವಾರ ಬೆಳಿಗ್ಗೆ ಮೀಟರು, ಅಡತಿ ಅಂಗಡಿಯಿಂದ ಎರವಲು ತಂದ ದೊಡ್ಡ ಯುಪಿಎಸ್ಸು ಹೊತ್ತು ಅವರ ಊರಿಗೆ ಹೋದೆ. ನನಗೂ ಲಗೇಜ್ ಟಿಕೆಟ್ ಹರಿದರು.

ಮನೆಯ ಮುಂಭಾಗದ ಅರ್ಧ ಸಿಡಿಲಿಗೆ. ಕರಿ ಹೋರಿ, ಅರಗು ತಿಕ್ಕಿದಂಥ ಹೊಳಪು. ಅದಕ್ಕೆ ಒಂದು ಫ್ಯಾನು, ಸೊಳ್ಳೆ ಪರದೆ. ಗುದ್ಲೆಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅದರ ಬಾಲ ಬಾಚುತ್ತಿದ್ದ. ಅದರ ಹಿಂದಿನ ಕೋಣೆ ಕಂಪ್ಯೂಟರಿನದು. ಅಲ್ಲಿ ಫ್ಯಾನಿರಲಿಲ್ಲ.

ಹನ್ನೊಂದಕ್ಕೆ ಮೂರು ಫೇಸಿನ ಕರೆಂಟು ಬಂತು. ಊರಿನ ಪಂಪುಗಳಿಗೆಲ್ಲ ತಾನಾಗಿ ಶುರುವಾಗುವ ಸ್ಟಾರ್ಟರು. ಎಲ್ಲವೂ ಒಟ್ಟಿಗೆ ಎದ್ದವು, ಮನೆಯ ಬಲ್ಬು ತಲೆ ತಗ್ಗಿಸಿತು. ಮೀಟರಿನಲ್ಲಿ ನೂರಾ ಅರವತ್ತೆಂಟು ಓಲ್ಟು, ಇರಬೇಕಾದ್ದು ಇನ್ನೂರಾ ಮೂವತ್ತು. ಕಳ್ಳ ಸಿಕ್ಕ ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ ಫಕ್ಕೀರೇಶನ ಬೆನ್ನು ತಟ್ಟಿದೆ. ಯುಪಿಎಸ್ಸು ಹಚ್ಚಿ ಆಡಲು ಹೇಳಿ, ಹೊರಗೆ ಬಂದು ಗುದ್ಲೆಪ್ಪನ ಹತ್ತಿರ ಕೂತೆ. ಮಾತಿಗೆ ಮಾತು ಎಂದು, ಹೋರಿಗೆ ಏನು ಹಾಕುತ್ತೀರಿ, ಇಷ್ಟು ಹೊಳೆಯುತ್ತದಲ್ಲ ಎಂದೆ.

ಅವನು ಬಾಚಣಿಕೆ ನಿಲ್ಲಿಸಲಿಲ್ಲ. “ಮನಿ ಹುಲ್ಲುರಿ ಮೇಡಮ್ಮಾರ. ಮತ್ತೇನ್ ಹಾಕೂದೈತಿ.”

ಹನ್ನೊಂದನೆಯ ನಿಮಿಷಕ್ಕೆ ಒಳಗಿನಿಂದ ಹಿಟ್ಟಿನ ಗಿರಣಿಯ ಸದ್ದು ಬಂತು. ಹೋಗಿ ನೋಡಿದೆ. ಯುಪಿಎಸ್ಸು ತನಗೂ ಇದಕ್ಕೂ ಸಂಬಂಧವಿಲ್ಲದಂತೆ ಹಸಿರು ದೀಪ ಹಚ್ಚಿಕೊಂಡು ಕೂತಿತ್ತು. ಪರದೆಯ ಮೇಲೆ ಹೋರಿಯ ಫೋಟೋ.

ಕರೆವ್ವ, ಫಕ್ಕೀರೇಶನ ತಾಯಿ, ಊಟಕ್ಕೆ ಕರೆದಳು. ನನ್ನ ಮುಖ ನೋಡಿಯೇ ಕರೆದಿರಬೇಕು. ರೊಟ್ಟಿ ಬಡಿಯುತ್ತ, ಗಂಡ ಹೋರಿಗೆ ಏನು ಹಾಕುತ್ತೇನೆಂದು ಹೇಳಿದ ಎಂದು ಕೇಳಿದಳು. ಮನೆ ಹುಲ್ಲು ಎಂದೆ. ಅವಳು ನಕ್ಕ ರಭಸಕ್ಕೆ ರೊಟ್ಟಿ ಹರಿಯಿತು.

ಅವರ ಮನೆತನದಲ್ಲಿ ಮೇವಿನ ಗುಟ್ಟು ಹೊರಗೆ ಬಿಡುವುದಿಲ್ಲ. ಬೇರೆ ಹೋರಿಯವರೂ ಬಿಡುವುದಿಲ್ಲ. ಆದರೆ ಇವರದು ಅತಿ. ಗುದ್ಲೆಪ್ಪನಿಗೆ ಅವನಪ್ಪ ಸಾಯುವ ಹಿಂದಿನ ದಿನದವರೆಗೂ ಹೇಳಿರಲಿಲ್ಲ. ಯಾರೇ ಕೇಳಲಿ, ಮನೆ ಹುಲ್ಲು. ಹೋದ ವರ್ಷ ಹಿರೇಕೆರೂರು ಕಡೆಯ ಒಂದು ಹಬ್ಬಕ್ಕೆ ಎರಡು ದಿನ ಇರುವಾಗ ಸಿಡಿಲು ಹೊಟ್ಟೆ ಉಬ್ಬಿ ಮಲಗಿತು. ದನದ ಡಾಕ್ಟರು ಬಂದರು. ಏನು ತಿನ್ನಿಸಿದಿರಿ ಎಂದು ಕೇಳಿದರು. ಗುದ್ಲೆಪ್ಪ ಕಣ್ಣಲ್ಲಿ ನೀರು ಹಾಕಿಕೊಂಡೇ ಮನೆ ಹುಲ್ಲು ಎಂದ. ಹೋರಿ ಸಾಯುತ್ತದೆ, ಖರೆ ಹೇಳು ಎಂದರು. ಮನೆ ಹುಲ್ಲು ಎಂದ. ಹಿಂದಿನ ದಿನ ಎರಡು ಡಜನ್ ತತ್ತಿ, ಉದ್ದಿನ ಹಿಟ್ಟು, ಗೋಡಂಬಿ, ತುಪ್ಪ ಕಲಸಿ ಕೊಟ್ಟ ಕರೆವ್ವ ಬಾಗಿಲ ಹಿಂದೆಯೇ ನಿಂತಿದ್ದಳು, ಅವಳಿಗೂ ಬಾಯಿ ಬಿಡಬೇಡವೆಂದು ಸನ್ನೆ.

“ಆ ಡಾಕ್ಟರ್ ಮತ್ತ ಕೇಳಲೇ ಇಲ್ಲ ನೋಡ ತಂಗಿ,” ಎಂದಳು ಕರೆವ್ವ. “ಸುಮ್ನ ಹಿಂದ ಹೋಗಿ ಬಾಲ ಎತ್ತಿ ಸಗಣಿ ನೋಡಿದ್ರು. ನೋಡಿ, ಗುದ್ಲೆಪ್ಪಾ, ನಿಮ್ಮ ಹುಲ್ಲಿನ್ಯಾಗ ಗೋಡಂಬಿ ಬೆಳೀತಾವೇನ ಅಂದ್ರು.”

ನಾನೂ ನಕ್ಕೆ. ಅವಳು ಹಂಚಿನ ಮೇಲೆ ಇನ್ನೊಂದು ರೊಟ್ಟಿ ಹಾಕಿ, ಕೋಣೆಯ ಕಡೆ ಗದ್ದ ಎತ್ತಿ ತೋರಿಸಿದಳು. “ಇವಗೂ ಅವರಪ್ಪಂದ ರಕ್ತ ಐತಿ. ನೀ ಎಷ್ಟ್ ಕೇಳಿದ್ರೂ ಹೇಳಾಂವ ಅಲ್ಲ. ಈ ಮನ್ಯಾಗ ಬಾಯಿ ಕೇಳಬಾರ್ದು. ಸಗಣಿ ನೋಡಬೇಕು.”

ಮೂರು ವರ್ಷದ ಡಿಪ್ಲೊಮಾದಲ್ಲಿ ನನಗೆ ಯಾರೂ ಇಷ್ಟು ಉಪಯೋಗದ ಮಾತು ಹೇಳಿರಲಿಲ್ಲ.

ಊಟ ಮುಗಿಸಿ ಹೋಗಿ ಅವನ ಕಂಪ್ಯೂಟರಿನಲ್ಲಿ ಒಂದು ಸಣ್ಣ ಪ್ರೋಗ್ರಾಮು ಹಾಕಿದೆ. ಅದು ಪ್ರತಿ ಸೆಕೆಂಡಿಗೂ ಕಾರ್ಡಿನ ವೇಗ ಎಷ್ಟು, ಬಿಸಿ ಎಷ್ಟು ಎಂದು ಒಂದು ಫೈಲಿನಲ್ಲಿ ಬರೆಯುತ್ತ ಹೋಗುತ್ತದೆ. ಇದೇನು ಎಂದು ಫಕ್ಕೀರೇಶ ಕೇಳಿದ. ಓಲ್ಟೇಜು ಬರೆದುಕೊಳ್ಳುವುದು ಎಂದು ಸುಳ್ಳು ಹೇಳಿದೆ. ಅವನು ಮೊದಲ ದಿನದಿಂದ ಹೇಳುತ್ತ ಬಂದ ಸುಳ್ಳಿನ ಮುಂದೆ ಇದು ಚಿಲ್ಲರೆ. ನಾಳೆ ಸಂಜೆ ಆಡು, ಶನಿವಾರ ಬೆಳಿಗ್ಗೆ ಆ ಫೈಲು ನನಗೆ ಕಳಿಸು ಎಂದೆ.

ಶನಿವಾರ ಒಂಬತ್ತೂವರೆಗೆ ಸಗಣಿಯನ್ನು ಅವನೇ ವಾಟ್ಸಾಪಿನಲ್ಲಿ ಕಳಿಸಿದ.

ಇಡೀ ಹಗಲು ಕಾರ್ಡ್ ಕಂಪನಿಯ ವೇಗದಲ್ಲೇ ಇತ್ತು. ಶುಕ್ರವಾರ ಸಂಜೆ ಆರು ಐವತ್ತೆರಡಕ್ಕೆ, ಪ್ರಾಕ್ಟೀಸಿಗೆ ಎಂಟು ನಿಮಿಷ ಮೊದಲು, ವೇಗ ಅದರ ಮೇಲೆ ಒಮ್ಮೆಲೇ ನೂರಾ ಎಂಬತ್ತು ಮೆಗಾಹರ್ಟ್ಸ್ ಏರಿತ್ತು. ಏಳು ಒಂಬತ್ತಕ್ಕೆ ಆಟ ಬಿದ್ದಿತ್ತು. ಏಳು ಹನ್ನೊಂದಕ್ಕೆ ಮತ್ತೆ ನೂರಾ ಎಂಬತ್ತು. ಏಳೂವರೆಗೆ ಬಿದ್ದಿತ್ತು. ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ನನಗೆ ಫೈಲು ಕಳಿಸುವ ಮುಂಚೆ, ಆ ಏರಿಕೆ ಸೊನ್ನೆಗೆ ಇಳಿದಿತ್ತು. ಡಾಕ್ಟರು ಬರುವ ಮೊದಲು ಹೋರಿಯ ಬಾಯಿ ತೊಳೆದ ಹಾಗೆ. ನನ್ನ ಅಂಗಡಿಗೆ ಬಂದಾಗಲೆಲ್ಲ ಬಾಯಿ ತೊಳೆಸಿಯೇ ತಂದಿದ್ದ. ವಿಂಡೋಸ್ ಅಳಿಸಿದ ಮೇಲೂ ಮನೆಗೆ ಹೋಗಿ ಆ ಸಾಫ್ಟ್‌ವೇರನ್ನು ಮತ್ತೆ ಹಾಕಿಕೊಂಡಿದ್ದ. ಗುರುವಾರ ನಾನು ಅವನಪ್ಪನ ಹತ್ತಿರ ಹುಲ್ಲಿನ ವಿಷಯ ಕೇಳುತ್ತಿದ್ದಾಗ, ಗೋಡೆಯ ಆಚೆ ಇವನು ತಿನ್ನಿಸುತ್ತಿದ್ದ.

ಮಾವನ ಝೆರಾಕ್ಸ್ ಮಷೀನಿನಲ್ಲಿ ಎರಡು ಹಾಳೆ ತೆಗೆಸಿ, ಆ ಸಾಲುಗಳ ಕೆಳಗೆ ಕೆಂಪು ಗೆರೆ ಎಳೆದು, ಕಂಪ್ಯೂಟರಿನ ಸಮೇತ ಬಾ ಎಂದು ಫೋನ್ ಮಾಡಿದೆ.

ಹಾಳೆಯನ್ನು ಅವನು ಬಹಳ ಹೊತ್ತು ನೋಡಿದ. ಅರ್ಥವಾಗಿದ್ದು ಮೊದಲ ನಿಮಿಷದಲ್ಲೇ, ಉಳಿದ ಹೊತ್ತು ನನ್ನ ಮುಖ ನೋಡಬಾರದೆಂದು ನೋಡಿದ. ಕಡೆಗೆ ಸಣ್ಣ ದನಿಯಲ್ಲಿ ಹೇಳಿದ.

“ಅದು ಮೇವುರಿ ಅಕ್ಕಾರ. ಮೇವು ಹೇಳಂಗಿಲ್ಲ.”

“ಡಾಕ್ಟರಿಗೂ?”

“ಡಾಕ್ಟರ್ ಅಂದ್ರ ಮೊದ್ಲ ಹೇಳಂಗಿಲ್ರಿ. ಡಾಕ್ಟರ್ ಹತ್ತು ಮನಿ ತಿರಗತಾರ.”

ಆಮೇಲೆ ಉಳಿದದ್ದು ಹೊರಗೆ ಬಂತು. ಜಿಲ್ಲೆಯ ಕಾರ್ಡಿನ ಹುಡುಗರದು ಒಂದು ವಾಟ್ಸಾಪ್ ಗುಂಪು ಇದೆ. ಕಾರ್ಡಿಗೆ ಅಂಕ ಕೊಡುವ ಒಂದು ಪರೀಕ್ಷೆ ಓಡಿಸಿ, ಯಾರ ಕಾರ್ಡ್ ಎಷ್ಟು ಅಂಕ ತೆಗೆಯಿತು ಎಂದು ಅಲ್ಲಿ ಪಟ್ಟಿ ಹಾಕುತ್ತಾರೆ. ಸಿಡಿಲು ೨ ಎರಡು ತಿಂಗಳಿಂದ ಮೊದಲನೆಯ ಜಾಗದಲ್ಲಿತ್ತು. ಎಲ್ಲರೂ ಸೆಟ್ಟಿಂಗ್ ಏನು ಎಂದು ಕೇಳುತ್ತಿದ್ದರು. ಕಂಪನಿಯಿಂದ ಬಂದ ಹಾಗೇ ಇದೆ ಎಂದು ಇವನು ಹೇಳುತ್ತಿದ್ದ. ಆ ನೂರಾ ಎಂಬತ್ತನ್ನು ನನಗೆ ಹೇಳಿದರೆ ನಾನು ಇನ್ನೊಬ್ಬರಿಗೆ ಹೇಳುತ್ತೇನೆ, ಅದು ಮರುದಿನದ ಮೊದಲ ಬಸ್ಸಿನಲ್ಲಿ ಹಿರೇಕೆರೂರು ಮುಟ್ಟುತ್ತದೆ ಎಂದು ಅವನ ಲೆಕ್ಕ. ಎರಡನೆಯ ಜಾಗದವನು ಹಿರೇಕೆರೂರಿನವನು.

ಪಟ್ಟಿಯಲ್ಲಿ ಮೊದಲಿರಬೇಕೋ ತಂಡದಲ್ಲಿರಬೇಕೋ ನೀನೇ ಹೇಳು ಎಂದೆ. ಎರಡೂ ಎಂದ. ಅವನ ಕಣ್ಣ ಮುಂದೆಯೇ ನೂರಾ ಎಂಬತ್ತಕ್ಕೆ ಏರಿಸಿ ಪರೀಕ್ಷೆ ಓಡಿಸಿದೆ. ಏಳು ನಿಮಿಷಕ್ಕೆ ಬಿತ್ತು. ನೂರೈವತ್ತು, ಬಿತ್ತು. ನೂರಾ ಇಪ್ಪತ್ತು, ಬಿತ್ತು. ತೊಂಬತ್ತರಲ್ಲಿ ನಲವತ್ತು ನಿಮಿಷ ನಿಂತು ಪರದೆಯ ಮೇಲೆ ಕಡ್ಲಿಬೇಳೆ ಚೆಲ್ಲಿದಂತೆ ಚುಕ್ಕೆ ಬಂದವು. ಅರವತ್ತರಲ್ಲಿ ಮೂರು ತಾಸು ಓಡಿತು, ಅಲುಗಾಡಲಿಲ್ಲ. ಎಪ್ಪತ್ತೈದು ಮಾಡಿಕೊಡಿ ಎಂದು ಕೇಳಿದ. ತರಕಾರಿ ಸಂತೆಯಲ್ಲ ಇದು ಎಂದೆ. ಅರವತ್ತಕ್ಕೆ ನಿಲ್ಲಿಸಿ, ಅಂಕ ತೆಗೆಸಿ ನೋಡಿದೆವು. ಪಟ್ಟಿಯಲ್ಲಿ ನಾಲ್ಕನೆಯ ಜಾಗ. ಅವನು ಹೋರಿಯ ಕೋಡು ಕೊಯ್ಯುವುದನ್ನು ನೋಡುವವನ ಹಾಗೆ ನೋಡಿದ. ಆದರೆ ಹೂಂ ಎಂದ. ತಂಡ ಬೇಕಿತ್ತು.

ಸಿಕ್ಕಿತು, ಸರಿಯಾಗಿದೆ ಎಂದು ಶಬನಮಳಿಗೆ ಹೇಳಿದೆ. ಏನಾಗಿತ್ತು ಎಂದು ಅವಳು ಕೇಳಲಿಲ್ಲ. ನಾಳೆ ಅವನು ಮನೆಯಲ್ಲಿ ಆಡುವುದು ಬೇಡ, ನಿಮ್ಮ ಅಂಗಡಿಯಲ್ಲಿ, ನಿಮ್ಮ ಕಣ್ಣ ಮುಂದೆ ಆಡಲಿ ಎಂದಳು. ಬಿದ್ದರೂ ಬೀಳದಿದ್ದರೂ ನೋಡಿದವರೊಬ್ಬರು ಬೇಕು ಎಂದಳು. ಫೋನ್ ಇಡುವ ಮೊದಲು ಸೇರಿಸಿದಳು. “ಕಾರ್ಡ್ ಸರಿ ಇದ್ರ ಫಕ್ಕೀರ ಹೆಂಗ ಆಡ್ತಾನಂತ ನಾವು ಯಾರೂ ಇನ್ನೂ ನೋಡೇ ಇಲ್ಲ ಅಕ್ಕಾ.”

ಭಾನುವಾರ ಮಾವ ಅಂಗಡಿಯ ಅರ್ಧ ಬಾಗಿಲು ಎಳೆದು ಜಾಗ ಮಾಡಿಕೊಟ್ಟರು. ಫಕ್ಕೀರೇಶನ ಜೊತೆ ಗುದ್ಲೆಪ್ಪನೂ ಬಂದಿದ್ದ. ಹೋರಿ ಹಬ್ಬಕ್ಕೆ ಕಟ್ಟುವ ಹಳದಿ ರುಮಾಲು ಸುತ್ತಿಕೊಂಡಿದ್ದ. ಅಂಗಡಿಯ ಹೊಸ್ತಿಲಿಗೆ ಒಂದು ತೆಂಗಿನಕಾಯಿ ಒಡೆದ. ಪಕ್ಕದ ಚಹಾ ಅಂಗಡಿಯವರು ಏನು ಉದ್ಘಾಟನೆ ಎಂದು ಇಣುಕಿದರು. ನಾನು ಕ್ಯಾಬಿನೆಟ್ಟಿನ ಗಾಜು ತೆಗೆದಿಟ್ಟು ನಿಲ್ಲುವ ದೊಡ್ಡ ಫ್ಯಾನನ್ನು ಅದರ ಹೊಟ್ಟೆಗೆ ತಿರುಗಿಸಿದೆ. ಗುದ್ಲೆಪ್ಪನಿಗೂ ಕೇಳಲಿ ಎಂದು ಸ್ಪೀಕರ್ ಹಚ್ಚಿದೆ. ಅವನಿಗೆ ಆಟ ತಿಳಿಯುತ್ತಿರಲಿಲ್ಲ. ನಮ್ಮದು ಯಾವುದು, ವೈರಿ ಯಾವುದು ಎಂದು ಎರಡು ಸಲ ಕೇಳಿ, ಆಮೇಲೆ ಪರದೆ ಬಿಟ್ಟು ಮಗನ ಕೈ ನೋಡುತ್ತ ಕೂತ.

ಮೂರು ಗಂಟೆಗೆ ಶುರುವಾಯಿತು. ಹದಿಮೂರು ಸುತ್ತು ಮೊದಲು ಗೆದ್ದವರದು ಪಂದ್ಯ. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮೊದಲು ಸತ್ತವನು ಫಕ್ಕೀರೇಶ. ಎರಡನೆಯದರಲ್ಲೂ ಅವನೇ. ಮೂರನೆಯದರಲ್ಲಿ ಎರಡನೆಯವನಾಗಿ ಸತ್ತ, ಅದನ್ನು ಸುಧಾರಣೆ ಎಂದುಕೊಂಡೆ. ಎಡಗಡೆ ನೋಡು ಎಂದು ಶಬನಮ ಕೂಗುತ್ತಿದ್ದಳು, ಇವನು ಸತ್ತ ಮೇಲೆ ಎಡಗಡೆ ನೋಡುತ್ತಿದ್ದ. ಎಲೆಯಿಲ್ಲದ ಗಿಡ, ಬಣ್ಣವಿಲ್ಲದ ಗೋಡೆ ನೋಡಿಕೊಂಡು ಅವಳೊಬ್ಬಳೇ ಮೂರು ಸುತ್ತು ಗೆದ್ದುಕೊಟ್ಟಳು. ಇವನ ಪರದೆಯಲ್ಲಿ ಎಲೆಗಳು ಒಂದೊಂದಾಗಿ ಅಲ್ಲಾಡುತ್ತಿದ್ದವು, ನೀರಿನಲ್ಲಿ ಮೋಡ ಕಾಣುತ್ತಿತ್ತು. ಅಷ್ಟು ಚೆಂದದ ಜಾಗದಲ್ಲಿ ಯಾರೂ ಅಷ್ಟು ಸಲ ಸತ್ತಿರಲಿಕ್ಕಿಲ್ಲ. ಕಾರ್ಡ್ ಮಾತ್ರ ಕಲ್ಲಿನ ಹಾಗೆ ನಿಂತಿತ್ತು.

ನಮ್ಮವರ ಐದಕ್ಕೆ ಅವರದು ಒಂಬತ್ತು. ಸುತ್ತಿನ ನಡುವೆ ಸ್ವಲ್ಪ ಬಿಡುವು ಇರುತ್ತದೆ. ಫಕ್ಕೀರೇಶನ ಎಡಗೈ ಎರಡು ಬಟನ್ ಒತ್ತಿತು. ಆಟ ಪಕ್ಕಕ್ಕೆ ಸರಿಯಿತು. ಆ ಸಾಫ್ಟ್‌ವೇರು ಎದ್ದು ಬಂತು. ಗುಂಡಿಯನ್ನು ಅರವತ್ತರಿಂದ ಎಳೆದ. ತೊಂಬತ್ತು, ನೂರಾ ಇಪ್ಪತ್ತು, ನೂರಾ ಎಂಬತ್ತು. ಒತ್ತಿದ. ಆಮೇಲೆ ತಿರುಗಿ ನನ್ನನ್ನು ನೋಡಿದ.

ಗೆಲ್ಲುವುದಕ್ಕೆ ಏರಿಸಿದ್ದಲ್ಲ ಅದು. ನನಗೂ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. ಕಾರ್ಡ್ ಈಗ ಬಿದ್ದರೆ ಸೋಲು ಕಾರ್ಡಿನದು. ನಾಳೆ ತಂಡದಲ್ಲಿ, ಪಾಪ, ಆ ಕಾರ್ಡ್ ಬೀಳದಿದ್ದರೆ ಗೆಲ್ಲುತ್ತಿದ್ದ ಎಂದು ಮಾತಾಡುತ್ತಾರೆ. ನಾನು ತಡೆಯಬಹುದಿತ್ತು. ತಡೆಯಲಿಲ್ಲ. ಮರ್ಯಾದೆಯ ಪ್ರಶ್ನೆ ಎಂದೇನಲ್ಲ, ಎಷ್ಟು ನಿಮಿಷಕ್ಕೆ ಬೀಳುತ್ತದೆ ಎಂದು ನೋಡುವ ಚಟ.

ಅವನು ಕಾದ. ಪರೀಕ್ಷೆಯ ದಿನ ಮಳೆ ಬಂದು ಸಾಲೆ ಮುಳುಗಲಿ ಎಂದು ಮುಗಿಲು ನೋಡುವ ಹುಡುಗನಂತೆ ಪರದೆಯ ಮೂಲೆ ಮೂಲೆ ನೋಡುತ್ತ ಆಡಿದ. ಹತ್ತು ಸೋತರು. ಬೀಳಲಿಲ್ಲ. ಹನ್ನೊಂದು. ಎಲೆಗಳು ಅಲ್ಲಾಡುತ್ತಲೇ ಇದ್ದವು. ಶಬನಮ ಒಂದು ಗೆದ್ದಳು. ಹನ್ನೆರಡು. ಬೇಕೆಂದೇ ಅವನು ಬೆಂಕಿ ಹತ್ತಿದ ಜಾಗಕ್ಕೆ, ಹೊಗೆ ತುಂಬಿದ ಜಾಗಕ್ಕೆ ಹೋಗಿ ನಿಂತ. ಕಾರ್ಡಿಗೆ ಅಲ್ಲಿ ಹೆಚ್ಚು ಕೆಲಸ. ಅಲ್ಲೇ ಯಾರೋ ಹೊಡೆದರು. ಕಾರ್ಡ್ ಬೀಳಲಿಲ್ಲ. ಆರಕ್ಕೆ ಹದಿಮೂರು. ಪಂದ್ಯ ಮುಗಿದಾಗಲೂ ಹೋರಿಯ ಫೋಟೋ ಬರಲಿಲ್ಲ, ರಾಣೆಬೆನ್ನೂರಿನವರು ಕುಣಿಯುವುದು ಚೊಕ್ಕವಾಗಿ, ಒಂದು ಚುಕ್ಕೆಯೂ ಇಲ್ಲದೆ ಕಂಡಿತು.

ಯಾಕೆ ಬೀಳಲಿಲ್ಲ ಎಂದು ಆಮೇಲೆ ಲೆಕ್ಕ ಹಾಕಿದೆ. ತೆರೆದ ಗಾಜು, ದೊಡ್ಡ ಫ್ಯಾನು, ಭಾನುವಾರದ ಒಳ್ಳೆಯ ಕರೆಂಟು. ಇನ್ನೊಂದು ಹತ್ತು ನಿಮಿಷ ಇದ್ದಿದ್ದರೆ ಬಿದ್ದೇ ಬೀಳುತ್ತಿತ್ತು. ಅವನ ತಂಡ ಅಷ್ಟು ಹೊತ್ತು ಉಳಿಯಲಿಲ್ಲ.

ಶಬನಮ ಸ್ಪೀಕರಿನಲ್ಲೇ ನನ್ನನ್ನು ಕರೆದು, ಕಾರ್ಡ್ ಏನಾದರೂ ತ್ರಾಸು ಕೊಟ್ಟಿತೇ ಎಂದು ಕೇಳಿದಳು. ಫಕ್ಕೀರೇಶ ನನ್ನ ಕಡೆ ನೋಡುತ್ತಿದ್ದ. ಕಣ್ಣಲ್ಲೇ ಬೇಡುತ್ತಿದ್ದ ಎಂದು ಬರೆಯಬಹುದು, ಅದು ಬೇಡುವುದಕ್ಕಿಂತ ಬೈಯುವುದಕ್ಕೆ ಹತ್ತಿರವಿತ್ತು.

“ಇಲ್ಲವಾ,” ಎಂದೆ. “ಕಾರ್ಡ್ ಒಂದ್ಸಲನೂ ಬಿದ್ದಿಲ್ಲ.”

“ಹಂಗಾರ ಆತು,” ಎಂದಳು. ಬೈಯಲಿಲ್ಲ. ಐದು ನಿಮಿಷದಲ್ಲಿ ಅವನ ಫೋನು ಕುಂಯ್ ಎಂದಿತು. ತಂಡದ ಗುಂಪಿನಿಂದ ಅವನನ್ನು ತೆಗೆದಿದ್ದಳು. ಬೇರೆಯಾಗಿ ಒಂದು ಮೆಸೇಜೂ ಇತ್ತು. ಕಾರ್ಡ್ ಮಾರುವುದಿದ್ದರೆ ಮೊದಲು ನನಗೆ ಹೇಳು. ಅವನು ಅದನ್ನು ನನಗೆ ತೋರಿಸಿ, ಯಾಕೆ ತೋರಿಸಿದೆನೋ ಎಂಬಂತೆ ಫೋನನ್ನು ಜೇಬಿಗೆ ಹಾಕಿಕೊಂಡ.

ರಿಪೇರಿ ಚೀಟಿ ಮುಗಿಸುವುದಿತ್ತು. ‘ದೋಷ’ ಎಂಬಲ್ಲಿ ಅತಿ ವೇಗ ಎಂದು ಬರೆದೆ. ಗ್ರಾಹಕರ ಹೇಳಿಕೆಯನ್ನು ಹೊಡೆದು ಹಾಕಲಿಲ್ಲ, ಏನೂ ಮುಟ್ಟಿಲ್ಲ ಎಂದು ಅಲ್ಲೇ ಉಳಿಯಿತು. ಫಕ್ಕೀರೇಶ ಕ್ಯಾಬಿನೆಟ್ಟಿಗೆ ಗಾಜು ಕೂರಿಸಿ, ಹೆಗಲಿಗೆ ಹೊತ್ತು, ಹಿಂದೆ ನೇತಾಡುವ ನಿಂಬೆಹಣ್ಣಿನೊಂದಿಗೆ ರಸ್ತೆ ದಾಟಿ ಬಸ್ ನಿಲ್ದಾಣಕ್ಕೆ ಹೋದ.

ಗುದ್ಲೆಪ್ಪ ಹಿಂದೆ ಉಳಿದ. ಒಡೆದ ತೆಂಗಿನಕಾಯಿಯ ಎರಡು ಹೋಳು ನನ್ನ ಮೇಜಿನ ಮೇಲಿಟ್ಟ. ರುಮಾಲು ಬಿಚ್ಚಿ ಮಡಚುತ್ತ, ಬಾಗಿಲ ಕಡೆ ನೋಡಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಪರದೆಯಲ್ಲಿ ಏನು ನಡೆಯಿತೆಂದು ಅವನಿಗೆ ತಿಳಿದಿರಲಿಲ್ಲ. ಕೈ ಮಾತ್ರ ನೋಡಿದ್ದ.

“ಆಟದ ನಡುವ ಅವ ಏನೋ ತಿನ್ನಿಸಿದ್ನಲ್ರಿ,” ಎಂದ. “ಏನದು?”

ಸಗಣಿಯ ಫೈಲು ನನ್ನ ಕಂಪ್ಯೂಟರಿನಲ್ಲೇ ಇತ್ತು. ಹಾಳೆ ಮೇಜಿನ ಮೇಲೇ ಇತ್ತು, ಕೆಂಪು ಗೆರೆ ಸಮೇತ. ನಾನು ಅದನ್ನು ಮಗುಚಿ ಇಟ್ಟೆ.

“ಮನಿ ಹುಲ್ಲುರಿ ಕಾಕಾ,” ಎಂದೆ.

ಅವನು ನನ್ನ ಮುಖವನ್ನು ಹೋರಿ ಕೊಳ್ಳಲು ಬಂದವನ ಹಾಗೆ ಒಂದು ಗಳಿಗೆ ನೋಡಿದ. ಆಮೇಲೆ ಮೊದಲ ಸಲ ನಕ್ಕ.

“ಹಂಗ ಹೇಳ್ರಿ. ಹಿರೇಕೆರೂರಾಂವ ಬಂದು ಕೇಳಿದ್ರೂ ಹಂಗ ಹೇಳ್ರಿ.”